ಅರ್ಧ ಓದಿದ ವರದಿ

ನಿಮ್ಮ ರಾಜಕೀಯ ನಿಲುವುಗಳು ಎಲ್ಲಿಂದ ಬಂದವೆಂದು ಎಂದಾದರೂ ಕೇಳಿಕೊಂಡಿದ್ದೀರಾ? ವಿಚಾರ ಮಾಡಿಯೇ ತಳೆದೆವೆಂದು ನಾವೆಲ್ಲರೂ ನಂಬುತ್ತೇವೆ. ಬೀದರಿನವನಾದ ನಾನೂ ಹಾಗೆಯೇ ನಂಬಿದ್ದೆ.

2022ರ ಡಿಸೆಂಬರಿನಲ್ಲಿ ಗಡಿವಿವಾದ ಮತ್ತೆ ಕಾವೇರಿತು. ಒಂದಿಂಚು ನೆಲವನ್ನೂ ಬಿಡುವುದಿಲ್ಲವೆಂದು ಕರ್ನಾಟಕದ ಶಾಸಕರು ನಿರ್ಣಯಿಸಿದರು. ಕೆಲವೇ ದಿನಗಳಲ್ಲಿ ಬೆಳಗಾವಿ, ಬೀದರ್, ಭಾಲ್ಕಿ ಮೊದಲಾದೆಡೆಯ 865 ಹಳ್ಳಿಗಳು ತಮ್ಮವೆಂದು ಮಹಾರಾಷ್ಟ್ರದ ಶಾಸಕರು ನಿರ್ಣಯಿಸಿದರು. ಎರಡೂ ಸರ್ವಾನುಮತದ ನಿರ್ಣಯಗಳು!

ಆ ದಿನಗಳ ಒಂದು ಭಾನುವಾರ, ಪೂಜೆಯ ನಂತರ ದೇವಾಲಯದ ಅಂಗಳದಲ್ಲಿ ನಾನು ಮಹಾಜನ ಆಯೋಗದ ಮಾತೆತ್ತಿದೆ. ಮಹಾರಾಷ್ಟ್ರದ ಒತ್ತಾಯದ ಮೇರೆಗೆ ಕೇಂದ್ರವು 1966ರಲ್ಲಿ ನೇಮಿಸಿದ ಆ ಆಯೋಗ, ಬೆಳಗಾವಿ ನಮ್ಮಲ್ಲಿಯೇ ಉಳಿಯಲೆಂದು 1967ರಲ್ಲಿ ಹೇಳಿತು. ಇನ್ನು ವಾದವೇಕೆ ಎಂದು ಗೆದ್ದವನಂತೆ ನಿಂತೆ.

ಔರಾದ್ ಕಡೆಯ, ಮನೆಯಲ್ಲಿ ಮರಾಠಿಯಾಡುವ ಹಿರಿಯರೊಬ್ಬರು ಮೆಲ್ಲನೆ ಕೇಳಿದರು: "ತಮ್ಮಾ, ನಿಪ್ಪಾಣಿ ಯಾರಿಗೆ ಕೊಡ್ರಿ ಅಂದಾರ, ಅದೂ ಓದೀಯೇನು?"

ನಾನು ಓದಿರಲಿಲ್ಲ. ಅದೇ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೂ, ಅಕ್ಕಲಕೋಟೆಯನ್ನು ನಮಗೂ ಸೂಚಿಸಿತ್ತು. ನಮ್ಮ ಸರ್ಕಾರ ವರದಿಯನ್ನು ಇಡಿಯಾಗಿ ಒಪ್ಪಿತ್ತು. ನಾನು ಮಾತ್ರ ನನಗೆ ಹಿತವಾದ ಭಾಗವನ್ನಷ್ಟೇ ಹಿಡಿದಿದ್ದೆ.

"ಕಾಕಾ, ಆಯೋಗ ಬೇಕೆಂದವರೇ ಅದರ ಮಾತನ್ನು ತಳ್ಳಿ 2004ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರಲ್ಲ, ಅದು ಸರಿಯೇ?" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ಸರಿ ಅಲ್ಲ ಬಿಡು" ಎಂದರು.

ಆ ರಾತ್ರಿ ನನಗೊಂದು ಯೋಚನೆ ಬಂತು. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಒಡೆದು ಉದಗೀರ್, ನಿಲಂಗಾ ಮುಂಬಯಿ ರಾಜ್ಯಕ್ಕೂ, ಬೀದರ್, ಭಾಲ್ಕಿ, ಔರಾದ್ ಮೈಸೂರು ರಾಜ್ಯಕ್ಕೂ ಸೇರಿದವು. ನಾನು ಉದಗೀರಿನಲ್ಲಿ ಹುಟ್ಟಿದ್ದರೆ, ಇದೇ ಬುದ್ಧಿಯಿಂದ ಇದಕ್ಕೆ ವಿರುದ್ಧವಾದ ವಾದವನ್ನು ಇಷ್ಟೇ ಆವೇಶದಿಂದ ಹೂಡುತ್ತಿರಲಿಲ್ಲವೇ? ನಂಬಿಕೆ ಮನೆಯಿಂದ, ನುಡಿಯಿಂದ ಮೊದಲೇ ಬಂದಿತ್ತು. ಕಾರಣಗಳನ್ನು ನಾನು ಆಮೇಲೆ ಹುಡುಕಿಕೊಂಡಿದ್ದೆ.

ಹಾಗಾದರೆ ವಾದ ವ್ಯರ್ಥವೇ? ಅಲ್ಲ. ನಂಬಿಕೆಯನ್ನು ಹುಟ್ಟಿಸುವ ಶಕ್ತಿ ವಾದಕ್ಕೆ ಕಡಿಮೆಯಿರಬಹುದು, ಆದರೆ ಹುಟ್ಟಿದ ನಂಬಿಕೆಯನ್ನು ಒರೆಗೆ ಹಚ್ಚುವ ಶಕ್ತಿ ಅದಕ್ಕಿದೆ. ಕಾಕಾರ ಪ್ರಶ್ನೆಯಿಂದ ಗಡಿ ಕದಲಲಿಲ್ಲ, ನನ್ನ ಕನ್ನಡದ ಅಭಿಮಾನವೂ ಕುಂದಲಿಲ್ಲ. ನನ್ನ ಅಹಂಕಾರ ಮಾತ್ರ ಕರಗಿತು.

ಶುಭಸಂದೇಶದ ನತಾನಿಯೇಲನನ್ನು ನೆನೆಯಿರಿ. ಕಾನಾ ಊರಿನ ಆತ ಅದೇ ಗಲಿಲೇಯದ ನಜರೇತಿನಿಂದ ಒಳ್ಳೆಯದೇನೂ ಬಾರದೆಂದು ಮೊದಲೇ ತೀರ್ಮಾನಿಸಿದ್ದ. ಫಿಲಿಪ್ಪನು ಜಗಳಕ್ಕಿಳಿಯದೆ, ಬಂದು ನೋಡೆಂದು ಕರೆದನು. ನತಾನಿಯೇಲನ ದೊಡ್ಡತನವೆಂದರೆ, ಸಂಶಯವಿದ್ದರೂ ಆತ ಎದ್ದು ಹೋದನು.

ಆತ್ಮೀಯರೇ, ಮುಂದಿನ ಚುನಾವಣೆಯ ಮಾತು ನಿಮ್ಮ ಮನೆಯಲ್ಲಿ ಬಿಸಿಯೇರಿದಾಗ, ಎದುರಿನವರ ವಾದದಲ್ಲಿ ನಾನಿನ್ನೂ ಓದದ ಪುಟ ಯಾವುದು ಎಂದು ಒಮ್ಮೆ ಕೇಳಿನೋಡಿ. ಅಷ್ಟು ಮಾಡಿದರೆ ನೀವೂ ಎದ್ದು ಹೊರಟಂತೆಯೇ.