ದೂರು ಕೊಡಲಾರದವರು



ಮನೆಗೆ ಕಳ್ಳ ನುಗ್ಗಿ ಐದು ಸಾವಿರ ರೂಪಾಯಿ ಕದ್ದೊಯ್ದರೆ ನಾವು ಬೆಳಗಾಗುವುದರೊಳಗೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುತ್ತೇವೆ, ನೆರೆಹೊರೆಯವರಿಗೆಲ್ಲ ಹೇಳಿಕೊಳ್ಳುತ್ತೇವೆ. ಆದರೆ ಅಂತರ್ಜಾಲದ ಸರಪಳಿ ಯೋಜನೆಯೊಂದರಲ್ಲಿ ಲಕ್ಷಗಟ್ಟಲೆ ಹಣ ಕಳೆದುಕೊಂಡವರು ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಗುರುನಿವಾಸಕ್ಕೆ ಬಂದರೂ ಬೇರೇನೋ ನೆಪ ಹೇಳಿಕೊಂಡೇ ಬರುತ್ತಾರೆ. ಮಗಳ ಕಾಲೇಜು ಶುಲ್ಕ, ಮನೆಯಲ್ಲಿ ನೆಮ್ಮದಿಯಿಲ್ಲ, ಒಂದು ಪ್ರಾರ್ಥನೆ ಮಾಡಿ ಫಾದರ್ ಎಂಬ ಮಾತುಗಳೆಲ್ಲ ಮುಗಿದು, ಎದ್ದು ಬಾಗಿಲ ಬಳಿ ಹೋದ ಮೇಲೆ ನಿಜವಾದ ವಿಷಯ ಹೊರಬೀಳುತ್ತದೆ. ಇಪ್ಪತ್ತೈದು ವರ್ಷಗಳಿಗೂ ಮೀರಿದ ನನ್ನ ಗುರುಜೀವನದಲ್ಲಿ ಯೋಜನೆಗಳ ಹೆಸರುಗಳು ಬದಲಾಗಿವೆ, ಈ ಬಾಗಿಲ ಬಳಿಯ ಮಾತು ಮಾತ್ರ ಬದಲಾಗಿಲ್ಲ.

ಈ ಮೌನಕ್ಕೆ ಕಾರಣವೇನು? ದೇಶವೇ ಕಂಡ ಒಂದು ಪ್ರಕರಣವನ್ನು ನೆನಪಿಸಿಕೊಳ್ಳೋಣ. ಸಿಂಗಪುರದಲ್ಲಿ ನೋಂದಾಯಿತವಾಗಿದ್ದ ಸ್ಪೀಕ್ ಏಷ್ಯಾ ಆನ್‌ಲೈನ್ ಎಂಬ ಕಂಪನಿ 2010ರ ಸುಮಾರಿಗೆ ಭಾರತದಲ್ಲಿ ತನ್ನ ಜಾಲ ಹರಡಿತು. ವರ್ಷಕ್ಕೆ 11,000 ರೂಪಾಯಿ ಚಂದಾ ಕಟ್ಟಿದವರಿಗೆ ವಾರಕ್ಕೆ ಎರಡು ಸಮೀಕ್ಷೆಗಳು. ಮನೆಯಲ್ಲೇ ಕುಳಿತು ಪ್ರಶ್ನೆಗಳಿಗೆ ಉತ್ತರ ಒತ್ತಿದರೆ ಪ್ರತಿ ಸಮೀಕ್ಷೆಗೆ 500 ರೂಪಾಯಿ. ಹನ್ನೊಂದು ಸಾವಿರ ಕೊಟ್ಟು ವರ್ಷಕ್ಕೆ ಐವತ್ತೆರಡು ಸಾವಿರ ಪಡೆಯುವ ಲೆಕ್ಕ! ಹೊಸ ಸದಸ್ಯರನ್ನು ಕರೆತಂದರೆ ಬೇರೆ ಸಂಭಾವನೆ. ಆ ಸಮೀಕ್ಷೆಗಳು ಯಾರಿಗೆ ಬೇಕಾಗಿದ್ದವು, ಅವುಗಳಿಗೆ ಹಣ ತೆರುತ್ತಿದ್ದವರು ಯಾರು ಎಂದು ಕೇಳಿದವರು ಕಡಿಮೆ. 2011ರ ಮೇ ತಿಂಗಳಲ್ಲಿ ಸುದ್ದಿ ವಾಹಿನಿಗಳು ಆ ಪ್ರಶ್ನೆಯನ್ನು ಕೇಳಿದವು. ಗ್ರಾಹಕರೆಂದು ಕಂಪನಿ ಹೆಸರಿಸಿದ್ದ ದೊಡ್ಡ ಸಂಸ್ಥೆಗಳು ತಮಗೂ ಅದಕ್ಕೂ ಸಂಬಂಧವಿಲ್ಲವೆಂದವು. ಪಾವತಿ ನಿಂತಿತು. ಸುಮಾರು 24 ಲಕ್ಷ ಜನರಿಂದ 2,276 ಕೋಟಿ ರೂಪಾಯಿ ಸಂಗ್ರಹಿಸಲಾಗಿತ್ತೆಂಬುದು ಮುಂಬೈ ಪೊಲೀಸರ ಆರೋಪವಾಗಿತ್ತು.

ಇದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಮುಂದಿನ ಸಂಗತಿ. ಹಣ ಕಳೆದುಕೊಂಡ ಸದಸ್ಯರಲ್ಲಿ ಅನೇಕರು ಸಂಘ ಕಟ್ಟಿಕೊಂಡು ಬೀದಿಗಿಳಿದರು, ನ್ಯಾಯಾಲಯಕ್ಕೂ ಹೋದರು. ಕಂಪನಿಯ ವಿರುದ್ಧವಾಗಿ ಅಲ್ಲ, ಕಂಪನಿಯ ಪರವಾಗಿ! ಪೊಲೀಸರು ಸುಮ್ಮನಿದ್ದರೆ ಕಂಪನಿ ನಮ್ಮ ಹಣ ಕೊಡುತ್ತದೆ, ಖಾತೆಗಳನ್ನು ಮುಟ್ಟುಗೋಲು ಹಾಕಿದ್ದರಿಂದಲೇ ನಾವು ಕೆಟ್ಟೆವು ಎಂಬುದು ಅವರ ವಾದ. ನೂರಕ್ಕೂ ಹೆಚ್ಚು ಸದಸ್ಯರ ಅರ್ಜಿಯ ಮೇರೆಗೆ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್. ಸಿ. ಲಹೋಟಿ ಅವರನ್ನು ಸಂಧಾನಕ್ಕಾಗಿ ನೇಮಿಸಿತು. ಆದರೂ ಬಹುಪಾಲು ಸದಸ್ಯರ ಹಣ ಹಿಂದಿರುಗಲಿಲ್ಲ. ಇವರನ್ನು ಕಂಡು ನಗುವುದು ಸುಲಭ. ಆದರೆ ಯೋಚಿಸಿ ನೋಡಿ: ನಮ್ಮ ಗಂಟು ಯಾರ ಕೈಯಲ್ಲಿದೆಯೋ ಅವನು ಬದುಕಿರಲಿ, ಅವನ ಅಂಗಡಿ ತೆರೆದಿರಲಿ ಎಂದು ಹಾರೈಸದವರು ಯಾರು?

ಎರಡನೆಯ ಕಾರಣ ಇನ್ನೂ ಆಳವಾದುದು. ಒಂದು ಸಣ್ಣ ಲೆಕ್ಕ ಮಾಡೋಣ. ನಮ್ಮ ಒಂದು ಧರ್ಮಕೇಂದ್ರದಲ್ಲಿ ನಾನೂರು ಕುಟುಂಬಗಳಿವೆ ಎಂದಿಟ್ಟುಕೊಳ್ಳಿ. ಒಬ್ಬನು ಮೂವರನ್ನು ಸೇರಿಸುತ್ತಾನೆ, ಆ ಮೂವರಲ್ಲಿ ಪ್ರತಿಯೊಬ್ಬರೂ ಮತ್ತೆ ಮೂವರನ್ನು. ಮೂರು, ಒಂಬತ್ತು, ಇಪ್ಪತ್ತೇಳು, ಎಂಬತ್ತೊಂದು, 243. ಐದೇ ಮೆಟ್ಟಿಲುಗಳಲ್ಲಿ ಮೊದಲನೆಯವನೂ ಸೇರಿ 364 ಮನೆಗಳು ತುಂಬಿದವು. ಆರನೆಯ ಮೆಟ್ಟಿಲಿಗೆ 729 ಮನೆಗಳು ಬೇಕು, ಉಳಿದಿರುವುದು ಮೂವತ್ತಾರು. ಸೇರಿದ 364 ಮನೆಗಳಲ್ಲಿ 243 ಮನೆಗಳವರು, ಎಂದರೆ ಮೂರರಲ್ಲಿ ಎರಡು ಪಾಲು ಜನ, ತಮ್ಮ ಕೆಳಗೆ ಯಾರೂ ಇಲ್ಲದೆ ಕೊನೆಯ ಮೆಟ್ಟಿಲಲ್ಲಿ ಉಳಿಯುತ್ತಾರೆ. ಯಾರೋ ಅಪ್ರಾಮಾಣಿಕರಾದುದರಿಂದ ಹೀಗಾಗುವುದಲ್ಲ; ಎಲ್ಲರೂ ಶ್ರದ್ಧೆಯಿಂದ ದುಡಿದರೂ ಹೀಗೆಯೇ ಆಗುತ್ತದೆ. ಆ ಕೊನೆಯವರನ್ನು ಸೇರಿಸಿದವರು ಯಾರು? ಸಿಂಗಪುರದ ನಿರ್ದೇಶಕನಲ್ಲ. ಭಾವಮೈದುನ, ಗಾನವೃಂದದ ಗೆಳತಿ, ಮಗುವಿನ ಜ್ಞಾನಸ್ನಾನಕ್ಕೆ ಕೈಹಿಡಿದು ನಿಂತವರು. ಈ ವ್ಯವಹಾರದ ಬಂಡವಾಳ ನಮ್ಮ ಹಣವೆಂದು ನಾವು ತಿಳಿದಿದ್ದೇವೆ. ನಿಜವಾಗಿ ಅದರ ಬಂಡವಾಳ ನಮ್ಮ ಪರಸ್ಪರ ನಂಬಿಕೆ.

ಇದು ನಮ್ಮೂರಿನ ಕಥೆ ಮಾತ್ರವಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ನೆಲೆಸಿದ್ದ ಟೆಲೆಕ್ಸ್‌ಫ್ರೀ ಎಂಬ ಕಂಪನಿ, ದಿನಕ್ಕೆ ಕೆಲವು ಜಾಹೀರಾತುಗಳನ್ನು ಅಂತರ್ಜಾಲದಲ್ಲಿ ಅಂಟಿಸಿದರೆ ವಾರಕ್ಕೆ 100 ಡಾಲರ್ ಕೊಡುವುದಾಗಿ ಹೇಳಿ 1,425 ಡಾಲರ್ ಕಟ್ಟಿಸಿಕೊಳ್ಳುತ್ತಿತ್ತು. ಬ್ರೆಜಿಲ್ ಹಾಗೂ ಡೊಮಿನಿಕನ್ ಗಣರಾಜ್ಯದಿಂದ ವಲಸೆ ಬಂದ ಶ್ರಮಜೀವಿಗಳು ಅದಕ್ಕೆ ಹೆಚ್ಚಾಗಿ ಬಲಿಯಾದರು. 2014ರ ಏಪ್ರಿಲ್‌ನಲ್ಲಿ ಅದು ದಿವಾಳಿಯಾಯಿತು. 2017ರ ಜನವರಿಯಲ್ಲಿ ತನಿಖಾಧಿಕಾರಿಗಳು ಒಂದು ಮನೆಯ ಹಾಸಿಗೆಯ ಅಡಿಯ ಪೆಟ್ಟಿಗೆಯಲ್ಲಿ ಸುಮಾರು ಎರಡು ಕೋಟಿ ಡಾಲರ್ ನಗದನ್ನು ಪತ್ತೆ ಮಾಡಿದರು. ಅಲ್ಲಿನ ನ್ಯಾಯಾಲಯದ ಕ್ರಮದಲ್ಲಿ ಒಂದು ವಿಶೇಷವಿತ್ತು: ಕಟ್ಟಿದ್ದಕ್ಕಿಂತ ಕಡಿಮೆ ಪಡೆದವರನ್ನು ನಷ್ಟಕ್ಕೊಳಗಾದವರೆಂದು ಗುರುತಿಸಿದಂತೆಯೇ, ಕಟ್ಟಿದ್ದಕ್ಕಿಂತ ಹೆಚ್ಚು ಪಡೆದವರಿಂದ ಆ ಹೆಚ್ಚುವರಿಯನ್ನು ಮರಳಿ ಪಡೆಯಲೂ ದಾವೆ ಹೂಡಲಾಯಿತು.

ನಮ್ಮ ದೇಶದಲ್ಲಿ ಕಾನೂನಿಲ್ಲವೆಂದಲ್ಲ. 1978ರ ಹಣ ಚಲಾವಣಾ ಯೋಜನೆಗಳ ನಿಷೇಧ ಕಾಯಿದೆ, ಠೇವಣಿದಾರರ ಹಿತರಕ್ಷಣೆಗಾಗಿ ಕರ್ನಾಟಕದ 2004ರ ಕಾಯಿದೆ, ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸುವ 2019ರ ಕೇಂದ್ರ ಕಾಯಿದೆ, ನೇರ ಮಾರಾಟದ ಮುಸುಕಿನಲ್ಲಿ ಪಿರಮಿಡ್ ಯೋಜನೆ ನಡೆಸುವುದನ್ನು ತಡೆಯುವ 2021ರ ನಿಯಮಗಳು ಎಲ್ಲವೂ ಇವೆ. ಬೆಂಗಳೂರಿನ ಐ.ಎಂ.ಎ. ಸಂಸ್ಥೆ 2019ರಲ್ಲಿ ಕುಸಿದುಬಿದ್ದಾಗ ಸರ್ಕಾರ ಸಕ್ಷಮ ಪ್ರಾಧಿಕಾರವನ್ನು ನೇಮಿಸಿ, ಆಸ್ತಿ ಮುಟ್ಟುಗೋಲು ಹಾಕಿ, ಠೇವಣಿದಾರರಿಂದ ಅರ್ಜಿ ಪಡೆದದ್ದು ಈ 2004ರ ಕಾಯಿದೆಯ ಬಲದಿಂದಲೇ. (ಅದು ಸರಪಳಿಯಲ್ಲ, ಲಾಭದ ಆಸೆ ತೋರಿಸಿದ ಹೂಡಿಕೆ, ಆದರೆ ಅಲ್ಲಿಯೂ ದೇವರ ಹೆಸರಿನ ನಂಬಿಕೆಯೇ ಬಂಡವಾಳವಾಗಿತ್ತು.) ಆದರೆ 1978ರ ಕಾಯಿದೆಯಲ್ಲಿ ಒಂದು ಮುಳ್ಳಿದೆ. ಯೋಜನೆಯನ್ನು ನಡೆಸುವುದು ಮಾತ್ರವಲ್ಲ, ಅದಕ್ಕೆ ಸದಸ್ಯರನ್ನು ಸೇರಿಸುವುದೂ ಅದರಲ್ಲಿ ಭಾಗವಹಿಸುವುದೂ ಅಪರಾಧ. ಮೂರು ವರ್ಷಗಳವರೆಗೆ ಸೆರೆವಾಸವಿದೆ. ಮೋಸ ಹೋದವನು ದೂರು ಬರೆಯಲು ಲೇಖನಿ ಹಿಡಿದಾಗ ಆರೋಪಿಗಳ ಪಟ್ಟಿಯಲ್ಲಿ ತನ್ನ ಹೆಸರೂ ಕಾಣಿಸುತ್ತದೆ. ಅವನ ಮೌನ ಹೇಡಿತನವೆಂದು ನಾನು ಹೇಳಲಾರೆ.

ನಮ್ಮ ಧರ್ಮಕೇಂದ್ರದ ಒಬ್ಬ ನಿವೃತ್ತ ದಾದಿಯ ವಿಷಯವನ್ನು ಅವರ ಅನುಮತಿಯಿಂದಲೇ ಬರೆಯುತ್ತಿದ್ದೇನೆ. ಅವರು ನಿವೃತ್ತಿಯ ಹಣದಲ್ಲಿ 3,20,000 ರೂಪಾಯಿಗಳನ್ನು ಇಂಥದೊಂದು ಯೋಜನೆಗೆ ಹಾಕಿದ್ದರು. ಸೇರಿಸಿದವನು ಸ್ವಂತ ಅಕ್ಕನ ಮಗ. ಅವನೂ 1,80,000 ಕಳೆದುಕೊಂಡಿದ್ದ. ಆದರೆ ಚಿಕ್ಕಮ್ಮನನ್ನು ಸೇರಿಸಿದ್ದಕ್ಕೆ ಅವನಿಗೆ 32,000 ಸಂದಿತ್ತು. “ದೂರು ಕೊಟ್ಟರೆ ಮೊದಲು ಬರೋದು ನಮ್ಮ ಹುಡುಗನ ಹೆಸರು ಫಾದರ್. ಅಕ್ಕನ ಮುಖ ಹೇಗೆ ನೋಡಲಿ?” ಎಂದು ಆಕೆ ಕೇಳಿದರು. ಅಕ್ಕ ತಂಗಿ ಆಗಲೇ ಬಲಿಪೂಜೆಗೆ ಬೇರೆ ಬೇರೆ ಹೊತ್ತಿಗೆ ಬರತೊಡಗಿದ್ದರು.

ಆ ಹುಡುಗ ನನ್ನ ಬಳಿ ಬಂದು ಕೇಳಿದ್ದು ಬೇರೆ: “ನಾನೂ ಮೋಸ ಹೋದವನೇ ಅಲ್ವಾ ಸ್ವಾಮಿ, ನಾನು ಯಾಕೆ ಕೊಡಬೇಕು?” ಗುರುಮಠದಲ್ಲಿ ನೈತಿಕ ದೈವಶಾಸ್ತ್ರ ಓದುವಾಗ, ಪರರ ವಸ್ತುವನ್ನು ಸದ್ಭಾವದಿಂದ ಇಟ್ಟುಕೊಂಡವನು ಮತ್ತು ತಿಳಿದೂ ಇಟ್ಟುಕೊಂಡವನು ಎಂಬ ಭೇದವನ್ನು ನಮಗೆ ಕಲಿಸುತ್ತಿದ್ದರು. ಆಗ ಅದು ಬರಿಯ ಪರೀಕ್ಷೆಯ ಪ್ರಶ್ನೆಯೆನಿಸಿತ್ತು. ಅರಿಯದೆ ಪಡೆದವನು ಕಳ್ಳನಲ್ಲ. ಆದರೆ ಅರಿತ ದಿನದಿಂದ, ತನ್ನ ಬಳಿ ಉಳಿದಿರುವುದು ತನ್ನದಲ್ಲ. ಆ 32,000 ಕಂಪನಿಯ ಲಾಭದಿಂದ ಬಂದದ್ದಲ್ಲ, ಚಿಕ್ಕಮ್ಮನ ಹಣದ ಒಂದು ತುಂಡೇ ಅವನ ಖಾತೆಗೆ ಬಂದಿತ್ತು ಎಂದು ಕಾಗದದ ಮೇಲೆ ಬರೆದು ತೋರಿಸಿದೆ. ಜೆರಿಕೊದ ಜಕ್ಕಾಯನನ್ನು ನೆನೆದುಕೊಳ್ಳಿ. ಅವನು ಮುಖ್ಯ ಸುಂಕದವ, ಅಂದರೆ ಸರಪಳಿಯ ನಡುವಿನ ಕೊಂಡಿ. ಮೇಲೆ ರೋಮ್ ಇತ್ತು, ಕೆಳಗೆ ವಸೂಲಿಗಾರರಿದ್ದರು. ರೋಮ್ ಕೊಡಲಿ, ಆಮೇಲೆ ನಾನು ಕೊಡುತ್ತೇನೆ ಎಂದು ಅವನು ಹೇಳಲಿಲ್ಲ.

ಹುಡುಗ ಈಗ ತಿಂಗಳಿಗೆ ಎರಡು ಸಾವಿರದಂತೆ ಚಿಕ್ಕಮ್ಮನಿಗೆ ಕೊಡುತ್ತಿದ್ದಾನೆ. ನಮ್ಮ ಧರ್ಮಕೇಂದ್ರದ ಒಬ್ಬ ವಕೀಲರ ಸಲಹೆ ಪಡೆದು, ತಾನು ಯಾರನ್ನು ಸೇರಿಸಿದೆ, ಎಷ್ಟು ಪಡೆದೆ ಎಂಬುದನ್ನು ಮರೆಮಾಚದೆ ಬರೆದು, ಇಬ್ಬರೂ ಒಟ್ಟಿಗೆ ಸಹಿ ಹಾಕಿ ದೂರು ಸಲ್ಲಿಸಿದ್ದಾರೆ. ನೀವೂ ಇಂಥ ಸ್ಥಿತಿಯಲ್ಲಿದ್ದರೆ ನಾಚಿಕೆಯಿಂದ ಮೊಬೈಲಿನ ಸಂದೇಶಗಳನ್ನು ಅಳಿಸಬೇಡಿ. ಬ್ಯಾಂಕಿನ ವಿವರಗಳ ಜೊತೆ ಅವೇ ನಿಮ್ಮ ಸಾಕ್ಷ್ಯ. ಹಣ ಹೋದದ್ದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರುತ್ತ ಹೋಗುತ್ತದೆ.

ಆ ದಾದಿಯವರಿಗೆ ಕಂಪನಿಯಿಂದ ಇನ್ನೂ ಒಂದು ರೂಪಾಯಿಯೂ ಬಂದಿಲ್ಲ. ಕಳೆದ ತಿಂಗಳು ಒಂದು ಕರೆ ಬಂತು. ತಾನು ದೆಹಲಿಯ ವಕೀಲನೆಂದೂ, ಅವರ ಪೂರ್ತಿ ಹಣ ವಾಪಸು ಮಂಜೂರಾಗಿದೆಯೆಂದೂ, 8,500 ರೂಪಾಯಿ ಶುಲ್ಕವನ್ನು ಮೊದಲು ಕಳುಹಿಸಬೇಕೆಂದೂ ಆತ ಹೇಳಿದ. ಆಕೆ ಅಕ್ಕನ ಮನೆಗೆ ನಡೆದು ಹೋಗಿ ಹುಡುಗನಿಂದ ಆ ಸಂಖ್ಯೆಯನ್ನು ಬರೆಸಿಕೊಂಡು, ಅವನನ್ನೇ ಜೊತೆಗೆ ಕರೆದುಕೊಂಡು ಠಾಣೆಗೆ ಕೊಟ್ಟು ಬಂದರು.