ಮೂರು ಕಥೆ, ಒಂದು ಅಂಕ

ಉತ್ತರಪತ್ರಿಕೆ ತಿದ್ದಿ ತಿದ್ದಿ ನಮ್ಮಂಥ ಮೇಷ್ಟರುಗಳಿಗೆ ಒಂದು ಚಟ ಅಂಟಿಬಿಡುತ್ತದೆ: ಏನನ್ನು ಕಂಡರೂ ಕೂಡಿ ಭಾಗಿಸುವುದು. ಪುಟ್ಟಣ್ಣ ಕಣಗಾಲರ ‘ಕಥಾಸಂಗಮ’ದ (1976) ಮಾತು ಬಂದಾಗ ಹೊನ್ನಾಳಿಯ ಗಣಿತದ ಮಿತ್ರರೊಬ್ಬರು, “ಮೂರೂ ಸೇರಿಸಿದರೆ ಎರಡನೆಯ ದರ್ಜೆ ಸ್ವಾಮಿ!” ಎಂದು ತೀರ್ಪು ಕೊಟ್ಟೇಬಿಟ್ಟರು.

ಅದು ಯಾವ ಕಥೆಯ ದರ್ಜೆ? ಗಿರಡ್ಡಿ ಗೋವಿಂದರಾಜರ ‘ಹಂಗು’ ಬಿಗಿಯಾದದ್ದು. ಸರೋಜಾದೇವಿಯವರಿದ್ದೂ ‘ಅತಿಥಿ’ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಆದರೆ ‘ಮುನಿತಾಯಿ’! ಕಣ್ಣಿಲ್ಲದ ಹೆಣ್ಣಾಗಿ ಆರತಿ. ಆಕೆಯನ್ನು ವಂಚಿಸುವವನಾಗಿ, ಕನ್ನಡದ ತೆರೆಗೆ ಆಗಷ್ಟೇ ಕಾಲಿಟ್ಟ ರಜನೀಕಾಂತ್. ಅದನ್ನು ನೋಡುವಾಗ ಹಿಂದಿನ ಕಥೆಯ ಆಯಾಸ ನೆನಪಿಗೇ ಬಾರದು. ಹಾಗಿರುವಾಗ ಅದರ ಸೋಲನ್ನು ಇದರ ಲೆಕ್ಕದಲ್ಲಿ ಕಳೆಯುವುದು ಯಾವ ನ್ಯಾಯ? 2019ರಲ್ಲಿ ಇದೇ ಹೆಸರಿನಿಂದ ಬಂದ ಚಿತ್ರದಲ್ಲಿ ಏಳು ಕಥೆಗೆ ಏಳು ನಿರ್ದೇಶಕರು, ಏರುಪೇರು ಸಹಜ. ಇಲ್ಲಿ ಕೈ ಒಂದೇ. ಅದು ಎಲ್ಲಿ ಸೋತಿತು, ಎಲ್ಲಿ ಗೆದ್ದಿತು ಎಂಬುದರಲ್ಲೇ ಸ್ವಾರಸ್ಯವಿದೆ. ಸರಾಸರಿ ಅದನ್ನೇ ಅಳಿಸಿಹಾಕುತ್ತದೆ.

ಜಗಳೂರಿನ ಕಡೆಯ ಹುಡುಗಿಯೊಬ್ಬಳು ಕಿರುಪರೀಕ್ಷೆಯಲ್ಲಿ ರಾಘವಾಂಕನ ಚಂದ್ರಮತಿಯ ಮೇಲೆ ಬರೆದ ಉತ್ತರವನ್ನು ಎರಡು ಸಲ ಓದಿದೆ. ಉಳಿದ ನಾಲ್ಕೂ ಸಾಧಾರಣ. ಒಟ್ಟಿನಲ್ಲಿ ಅವಳು ಅನುತ್ತೀರ್ಣಳು. ಮರುದಿನ ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದೆ. ಅಂಕಪಟ್ಟಿಯಲ್ಲಿ ಅದಕ್ಕೊಂದು ಕಲಂ ಇರಲಿಲ್ಲ.