ತಿರುವಿನಲ್ಲಿ ನಿಲ್ಲುತ್ತಿದ್ದ ಸ್ಕೂಟರು

ನಮ್ಮ ಮನೆಯ ಗೇಟು ತೆಗೆದ ಕೂಡಲೇ ಎಡಗಡೆಗೆ ಹಳೆಯ ಬೆಡ್‌ಶೀಟು ಹೊದ್ದುಕೊಂಡು ನಿಂತಿರುವ ಒಂದು ಆಕೃತಿ ಕಾಣುತ್ತದೆ. ಹೊಸಬರು ಯಾರಾದರೂ ಬಂದರೆ ಒಂದು ಕ್ಷಣ ತಡೆದು ನೋಡುತ್ತಾರೆ. ಕೊರಿಯರ್ ತಂದಿದ್ದ ಹುಡುಗನೊಬ್ಬ ‘ಕರು ಸಾಕಿದ್ದೀರಾ ಆಂಟಿ?’ ಎಂದು ಕೇಳಿಯೂ ಬಿಟ್ಟಿದ್ದ. ಅದು ಕರುವಲ್ಲಪ್ಪ, ಕುದುರೆ ಎಂದೆ. ಅವನಿಗೆ ಅರ್ಥವಾಗಲಿಲ್ಲ. ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತ ಚೇತಕ್ ಸ್ಕೂಟರನ್ನು ಅವನ ವಯಸ್ಸಿನವರು ರಸ್ತೆಯಲ್ಲಿ ಕಂಡಿರುವುದೇ ಅಪರೂಪ.

ಈ ವರ್ಷ ಯುಗಾದಿಗೆ ಮನೆ ತೊಳೆಯುವಾಗ ಅದನ್ನು ಗುಜರಿಗೆ ಹಾಕಿಬಿಡುವುದೆಂದು ನಾನು ನಿಶ್ಚಯಿಸಿಬಿಟ್ಟಿದ್ದೆ. ಓಡದ ಗಾಡಿ. ಅದರ ಹೊಟ್ಟೆಯೊಳಗೆ ಇಲಿ ಸಂಸಾರ ಹೂಡಿತ್ತು. ಗುಜರಿಯವನು ಬಂದು ಬೆಡ್‌ಶೀಟು ಸರಿಸಿ, ಬೆರಳಿನಿಂದ ಎರಡು ಸಲ ತಗಡನ್ನು ತಟ್ಟಿ, ತೂಕದ ಲೆಕ್ಕದಲ್ಲಿ ಒಂದು ಬೆಲೆ ಹೇಳಿದ. ನಾನು ಇನ್ನೂರು ಹೆಚ್ಚಿಗೆ ಕೇಳುತ್ತಿದ್ದಾಗ ಮಗಳು ಒಳಗಿನಿಂದ ಓಡಿ ಬಂದು ಸ್ಕೂಟರಿನ ಮುಂದೆ ನಿಂತಳು. ಕೈಯಲ್ಲಿ ಚಿತ್ರದ ಪುಸ್ತಕವಿತ್ತು.

ಆ ಪುಸ್ತಕವನ್ನು ನಾನು ಅವತ್ತೇ ಮೊದಲ ಸಲ ತೆರೆದು ನೋಡಿದ್ದು. ಎರಡನೇ ಪಿಯುಸಿ ಪರೀಕ್ಷೆಗೆ ಓದುತ್ತಿದ್ದಾಳೆಂದು ನಾನು ರಾತ್ರಿ ಹಾಲು ಕಾಯಿಸಿ ಕೊಡುತ್ತಿದ್ದ ಹೊತ್ತಿನಲ್ಲಿ ಅವಳು ಸ್ಕೂಟರು ಬರೆಯುತ್ತಿದ್ದಳು! ಪಕ್ಕದಿಂದ, ಹಿಂದಿನಿಂದ, ಹ್ಯಾಂಡಲ್ ತಿರುಗಿಸಿದಂತೆ, ಹೆಡ್‌ಲೈಟು ಮಾತ್ರ ಹೀಗೆ ಪುಟ ಪುಟವೂ ಅದೇ. ನನಗೆ ಸಿಟ್ಟು ಬಂತು. ‘ಅಮ್ಮಾ, ಬೈಯುವ ಮುಂಚೆ ಒಂದು ಸಲ ನೋಡು. ಇದರ ಮೈಯಲ್ಲಿ ನೇರ ಗೆರೆ ಎಲ್ಲಾದರೂ ಇದೆಯಾ ಹೇಳು’ ಎಂದಳು. ನೋಡಿದೆ. ನಲವತ್ತು ವರ್ಷ ನಮ್ಮ ಮನೆಯಲ್ಲೇ ಇದ್ದ ವಸ್ತು. ನಿಜವಾಗಿಯೂ ಇರಲಿಲ್ಲ.

ಅವಳಿಂದ ನಾನು ಕಲಿತ ಕತೆ ಹೀಗಿದೆ. ಎರಡನೇ ಮಹಾಯುದ್ಧದಲ್ಲಿ ಇಟಲಿಯ ಪಿಯಾಜಿಯೋ ಎಂಬ ವಿಮಾನ ಕಂಪನಿಯ ಕಾರ್ಖಾನೆ ಬಾಂಬಿಗೆ ಸಿಕ್ಕಿ ನೆಲಸಮವಾಯಿತು. ಸೋತ ದೇಶಕ್ಕೆ ವಿಮಾನ ಮಾಡುವ ಕೆಲಸವಿರಲಿಲ್ಲ. ಜನಕ್ಕೆ ಓಡಾಡಲು ಅಗ್ಗದ ಗಾಡಿ ಬೇಕಿತ್ತು. ಆ ಕೆಲಸ ಬಿದ್ದದ್ದು ಹೆಲಿಕಾಪ್ಟರ್ ರೂಪಿಸುತ್ತಿದ್ದ ಕೊರಾಡಿನೋ ದಸ್ಕಾನಿಯೋ ಎಂಬ ಎಂಜಿನಿಯರನ ಹೆಗಲಿಗೆ. ತಮಾಷೆಯೆಂದರೆ ಅವನಿಗೆ ಮೋಟಾರ್ ಸೈಕಲ್ಲೆಂದರೆ ಆಗುತ್ತಿರಲಿಲ್ಲ. ಚೈನಿನ ಎಣ್ಣೆ ಬಟ್ಟೆಗೆ ಮೆತ್ತುತ್ತದೆ, ಚಕ್ರ ಪಂಕ್ಚರಾದರೆ ಬಿಚ್ಚುವುದು ಕಷ್ಟ, ಹತ್ತಬೇಕಾದರೆ ಕಾಲು ಎತ್ತಿ ಹಾಕಬೇಕು. ಈ ಒಂದೊಂದು ತಕರಾರಿಗೂ ಅವನು ಒಂದೊಂದು ಉತ್ತರ ಕೊಟ್ಟ. ಎಂಜಿನನ್ನು ಹಿಂದಿನ ಚಕ್ರದ ಪಕ್ಕದಲ್ಲೇ ಕೂರಿಸಿದ, ಚೈನು ಬೇಡವಾಯಿತು. ವಿಮಾನದ ಗಾಲಿಯ ಹಾಗೆ ಮುಂದಿನ ಚಕ್ರವನ್ನು ಒಂದೇ ತೋಳಿಗೆ ಸಿಕ್ಕಿಸಿದ, ಬಿಚ್ಚುವುದು ಸುಲಭವಾಯಿತು. ಗೇರನ್ನು ಕೈಗೆ ತಂದ. ಮುಂದೆ ಕೆಸರು ತಡೆಯುವ ತಗಡು, ನಡುವೆ ಕಾಲಿಡಲು ಬಯಲು. ಲಂಗ ತೊಟ್ಟ ಹೆಂಗಸೂ ಸಲೀಸಾಗಿ ಹತ್ತಬಹುದಿತ್ತು. ಮಾದರಿಯನ್ನು ಕಂಡ ಯಜಮಾನ ಎನ್ರಿಕೊ ಪಿಯಾಜಿಯೋ, ಇದು ಕಣಜದ ಹುಳುವಿನ ಹಾಗಿದೆ ಎಂದನಂತೆ. ಇಟಲಿಯ ಭಾಷೆಯಲ್ಲಿ ಕಣಜದ ಹುಳುವಿಗೆ ‘ವೆಸ್ಪಾ’ ಎನ್ನುತ್ತಾರೆ. ಅದು 1946ರ ಮಾತು. ಮರುವರ್ಷವೇ ಮಿಲಾನಿನ ಇನ್ನೊಸೆಂಟಿ ಕಂಪನಿಯಿಂದ ಲ್ಯಾಂಬ್ರೆಟಾ ಬಂತು. 1953ರಲ್ಲಿ ‘ರೋಮನ್ ಹಾಲಿಡೇ’ ಚಿತ್ರದಲ್ಲಿ ಆಡ್ರೆ ಹೆಪ್‌ಬರ್ನ್ ವೆಸ್ಪಾ ಏರಿದ ಮೇಲೆ ಸ್ಕೂಟರು ಬರೀ ವಾಹನವಾಗಿ ಉಳಿಯಲಿಲ್ಲ.

‘ಚಂದ ಮಾಡಬೇಕು ಅಂತ ಹೊರಟು ಮಾಡಿದ್ದಲ್ಲ ಅಮ್ಮಾ. ಜನರ ಕಷ್ಟ ನೋಡಿ ಮಾಡಿದ. ಅದೇ ಚಂದವಾಯಿತು’ ಎಂದಳು ಮಗಳು. ತಾನು ಎಂಜಿನಿಯರಿಂಗಿಗೆ ಬದಲು ಡಿಸೈನ್ ಓದುತ್ತೇನೆ ಎಂಬ ಮಾತನ್ನೂ ಅದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಗುಜರಿಯವನು ಇದು ಇವತ್ತಿಗೆ ಮುಗಿಯುವ ವ್ಯಾಪಾರವಲ್ಲವೆಂದು ಹೊರಟುಹೋದ.

ಜಗಲಿಯ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ ಅಪ್ಪ ಇದೆಲ್ಲವನ್ನೂ ಕೇಳಿಸಿಕೊಂಡರೂ ಕೇಳಿಸದವರಂತೆ ಕೂತಿದ್ದರು. ಅವರಿಗೀಗ ಎಂಬತ್ತನಾಲ್ಕು. ಸ್ಕೂಟರು ಅವರದು.

ಬಜಾಜ್ ಕಂಪನಿ 1960ರ ಸುಮಾರಿಗೆ ಪಿಯಾಜಿಯೋದ ಪರವಾನಗಿ ಪಡೆದು ನಮ್ಮಲ್ಲಿ ವೆಸ್ಪಾ ತಯಾರಿಸತೊಡಗಿತು. ಆ ಒಪ್ಪಂದ ಮುಗಿದ ಮೇಲೆ 1972ರಲ್ಲಿ ಅದೇ ಅಂಗಸೌಷ್ಠವದ ಚೇತಕ್ ಬಂತು. ಎಷ್ಟು ತಯಾರಿಸಬೇಕೆಂಬುದಕ್ಕೂ ಸರ್ಕಾರದ ಅಪ್ಪಣೆ ಬೇಕಿದ್ದ ಕಾಲ. ಹಣ ಕಟ್ಟಿ ವರ್ಷಗಟ್ಟಲೆ ಕಾಯುವುದು ದೇಶಕ್ಕೆಲ್ಲ ರೂಢಿಯಾಗಿತ್ತು. ಮಗಳು ಹುಟ್ಟಿದಾಗ ಬುಕ್ ಮಾಡಿದರೆ ಅವಳು ಶಾಲೆಗೆ ಹೋಗುವ ಹೊತ್ತಿಗೆ ಬರುತ್ತದೆಂಬ ನಗೆಮಾತಿತ್ತು. ನಮ್ಮ ಮನೆಗೆ ಅದು ಬಂದದ್ದು 1984ರಲ್ಲಿ. ನಾನು ನಾಲ್ಕನೇ ಕ್ಲಾಸು. ಅಮ್ಮ ಚಕ್ರದಡಿ ನಿಂಬೆಹಣ್ಣು ಇಟ್ಟು, ಹೆಡ್‌ಲೈಟಿಗೆ ಕುಂಕುಮವಿಟ್ಟರು. ಅಕ್ಕಪಕ್ಕದವರಿಗೆ ಹಂಚಿದ ಮೈಸೂರುಪಾಕಿನ ಒಂದು ಚೂರೂ ನನಗೆ ಉಳಿಯಲಿಲ್ಲವೆಂಬುದು ಚೆನ್ನಾಗಿ ನೆನಪಿದೆ.

ಹೊರ ವರ್ತುಲ ರಸ್ತೆ ಬರುವುದಕ್ಕೆ ಮುಂಚಿನ ನಾಗರಬಾವಿಯನ್ನು ಈಗಿನ ಮಕ್ಕಳಿಗೆ ಹೇಗೆ ಹೇಳುವುದು? ಜ್ಞಾನಭಾರತಿಯ ಕಡೆಗೆ ನೀಲಗಿರಿ ಮರಗಳು, ಅಲ್ಲೊಂದು ಇಲ್ಲೊಂದು ಮನೆ, ಸಂಜೆಯಾದರೆ ಕಪ್ಪೆಗಳ ಗಾಯನ. ಬಸ್ಸು ತಪ್ಪಿದರೆ ವಿಜಯನಗರದಿಂದ ನಡಿಗೆಯೇ ಗತಿ. ಅಂಥಲ್ಲಿ ಸ್ಕೂಟರು ನಮ್ಮನ್ನು ಊರಿಗೆ ಸೇರಿಸಿತು. ಮುಂದೆ ತಮ್ಮ ನಿಂತುಕೊಳ್ಳುತ್ತಿದ್ದ, ಅಪ್ಪನ ಬೆನ್ನಿಗೆ ನಾನು, ನನ್ನ ಹಿಂದೆ ಒಂದು ಪಕ್ಕಕ್ಕೆ ಕಾಲು ಹಾಕಿ ಅಮ್ಮ. ಕಾಲಿನ ಹತ್ತಿರ ತರಕಾರಿ ಚೀಲ. ಇವತ್ತು ಹೀಗೆ ಹೊರಟರೆ ಮೊದಲ ಸಿಗ್ನಲ್ಲಿನಲ್ಲೇ ದಂಡ ಬೀಳುತ್ತದೆ. ಬೀಳಲೇಬೇಕು ಅನ್ನಿ. ಅವತ್ತು ನಾವು ಬಿದ್ದು ಪೆಟ್ಟಾಗದೆ ಬಂದದ್ದು ನಮ್ಮ ಪುಣ್ಯವೇ ಹೊರತು ಜಾಣತನವಲ್ಲ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ.

1990ರಲ್ಲಿ ನಾನು ಮಾಗಡಿ ರಸ್ತೆಯ ಒಂದು ಕಾಲೇಜಿನಲ್ಲಿ ಪಿಯುಸಿಗೆ ಸೇರಿದೆ. ಮೆಜೆಸ್ಟಿಕ್ಕಿನ ಕಡೆ ಆಫೀಸಿಗೆ ಹೋಗುವ ದಾರಿಯಲ್ಲಿ ಅಪ್ಪ ನನ್ನನ್ನು ಬಿಡುತ್ತಿದ್ದರು. ಗೆಳತಿಯರಲ್ಲಿ ಇಬ್ಬರು ಕಾರಿನಲ್ಲಿ ಬರುತ್ತಿದ್ದರು. ನಮ್ಮ ಸ್ಕೂಟರು ಬರುವುದು ಬೀದಿಗೆಲ್ಲ ತಿಳಿಯುತ್ತಿತ್ತು. ಎಂಜಿನಿಗೆ ಒಳ್ಳೆಯದೆಂದು ಅಪ್ಪ ಪೆಟ್ರೋಲಿಗೆ ಎರಡು ತೊಟ್ಟು ಎಣ್ಣೆ ಹೆಚ್ಚಿಗೇ ಬೆರೆಸುತ್ತಿದ್ದುದರಿಂದ ಹಿಂದೆ ಹೊಗೆಯ ಬಾಲ. ನಿಂತಲ್ಲಿ ಆಫಾದರೆ, ಅಪ್ಪ ಇಳಿದು, ಗಾಡಿಯನ್ನು ಒಂದು ಪಕ್ಕಕ್ಕೆ ವಾಲಿಸಿ, ಮತ್ತೆ ಎತ್ತಿ ಕಿಕ್ ಹೊಡೆಯಬೇಕು. ಒಂದು ದಿನ ಗೇಟಿನೆದುರಿಗೇ ಹಾಗಾಯಿತು. ಯಾರೋ ಹುಡುಗರು ಎಣಿಸಿದರು: ಒಂದು, ಎರಡು, ಮೂರು... ಮಾರನೆಯ ದಿನ ಕಾಲೇಜು ಇನ್ನೂ ಮುನ್ನೂರು ಹೆಜ್ಜೆ ದೂರವಿರುವಾಗ, ತಿರುವಿನಲ್ಲಿ, ‘ಇಲ್ಲೇ ಇಳೀತೀನಪ್ಪ, ಇಲ್ಲಿಂದ ಹತ್ತಿರ’ ಎಂದೆ. ಅಪ್ಪ ಏಕೆಂದು ಕೇಳಲಿಲ್ಲ. ಅಂದಿನಿಂದ ಎರಡು ವರ್ಷ, ಮಳೆ ಬಂದ ದಿನವೂ, ನಾನು ಹೇಳದಿದ್ದರೂ ಸ್ಕೂಟರು ಅದೇ ತಿರುವಿನಲ್ಲಿ ನಿಲ್ಲುತ್ತಿತ್ತು.

ಅದೇ ಎರಡು ವರ್ಷದಲ್ಲಿ ತಮ್ಮ ಸ್ಕೂಟರು ಕಲಿತ. ನಾನೂ ಕಲಿಯುತ್ತೇನೆಂದಾಗ ಅಪ್ಪ, ‘ಗೇರ್ ಗಾಡಿ ಭಾರ, ಹೆಣ್ಣುಮಕ್ಕಳಿಗೆ ಯಾಕೆ ಪುಟ್ಟೀ’ ಎಂದರು. ನಾನು ಒತ್ತಾಯಿಸಲಿಲ್ಲ. ತಿರುವಿನಲ್ಲಿ ಇಳಿಯುವವಳಿಗೆ ಕಲಿಸು ಎಂದು ಕೇಳುವ ಬಾಯಿ ಎಲ್ಲಿ?

ಗುಜರಿಯವನು ಹೋದ ಮೇಲೆ ಮೊಮ್ಮಗಳು ತಾತನ ಬಳಿ ಹೋಗಿ ಕೂತಳು. ‘ತಾತಾ, ನನಗೆ ಹದಿನೆಂಟಾಯಿತು, ಎಲ್‌ಎಲ್‌ಆರ್ ಬಂದಿದೆ. ಇದನ್ನು ಓಡಿಸೋಕೆ ಕಲಿಸಿಕೊಡ್ತೀರಾ?’ ಅಪ್ಪ ಪೇಪರು ಮಡಚಿದರು. ಗೇರ್ ಗಾಡಿ, ಭಾರ, ಹೆಣ್ಣುಮಕ್ಕಳು ಎನ್ನುತ್ತಾರೆಂದು ನಾನು ಕಾದೆ. ‘ಎಡಗೈ ಕೊಡು’ ಎಂದರು. ಅವಳ ಮುಷ್ಟಿಯನ್ನು ತಮ್ಮ ಕೈಯಲ್ಲಿ ಹಿಡಿದು ತಿರುಗಿಸಿ, ‘ಇದು ಒಂದು, ಇದು ನ್ಯೂಟ್ರಲ್, ಇಲ್ಲಿ ಎರಡು...’ ಎಂದು ಕುರ್ಚಿಯಲ್ಲಿ ಕೂತೇ ನಾಲ್ಕು ಗೇರೂ ಹಾಕಿಸಿದರು.

ನನಗೆ ತಡೆಯಲಾಗಲಿಲ್ಲ. ಕಾಲೇಜಿನ ತಿರುವಿನ ಮಾತೆತ್ತಿದೆ. ಯಾಕೆ ಇಳಿಯುತ್ತಿದ್ದೆ ಗೊತ್ತಾ ಅಪ್ಪಾ ಎಂದು ಕೇಳಿದೆ. ಅಪ್ಪ ಕನ್ನಡಕ ಒರೆಸುತ್ತ, ‘ಅಲ್ಲೇ ನನಗೂ ಅನುಕೂಲ ಕಣೇ. ಗಾಡಿ ತಿರುಗಿಸಿಕೊಳ್ಳೋಕೆ ಜಾಗ ಇತ್ತು’ ಎಂದರು.

ಅಪ್ಪನ ಆಫೀಸು ಅದೇ ರಸ್ತೆಯಲ್ಲಿ ಮುಂದಕ್ಕಿತ್ತು. ಅವರು ಗಾಡಿ ತಿರುಗಿಸುವ ಪ್ರಶ್ನೆಯೇ ಇರಲಿಲ್ಲ. ನಾನು ಗೇಟಿನ ಒಳಗೆ ಹೋಗುವವರೆಗೆ ತಿರುವಿನಲ್ಲೇ ನಿಂತಿದ್ದು, ಆಮೇಲೆ ಅದೇ ಗೇಟಿನ ಮುಂದೆಯೇ ಅವರು ದಿನವೂ ಹಾದುಹೋಗುತ್ತಿದ್ದರು. ನನಗಿದು ಅಂದೂ ಗೊತ್ತಿತ್ತು.

ಸ್ಕೂಟರಿಗೀಗ ಜೀವ ಬಂದಿದೆ. ಮೂಡಲಪಾಳ್ಯದ ಮೆಕ್ಯಾನಿಕ್ಕರು ಇಲಿ ಸಂಸಾರವನ್ನು ಬಿಡಿಸಿ, ಕಾರ್ಬುರೇಟರು ತೊಳೆದು, ಕೇಬಲ್ಲುಗಳನ್ನು ಬದಲಿಸಿದರು. ಸಿಗದ ಬಿಡಿಭಾಗಕ್ಕೆ ಮಗಳೇ ಜೆ.ಸಿ. ರಸ್ತೆಯ ಅಂಗಡಿಗಳನ್ನು ಸುತ್ತಿದಳು. ನಾನು ಷರತ್ತುಗಳನ್ನು ಹಾಕಿದ್ದೇನೆ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. ಆ ಕಾಗದಪತ್ರಗಳು ಆಗದೆ ರಸ್ತೆಗಿಳಿಯಕೂಡದು. ಹೆಲ್ಮೆಟ್ಟು ಕಡ್ಡಾಯ. ದಿನದ ಓಡಾಟಕ್ಕೆ ಕೂಡದು. ಟೂ ಸ್ಟ್ರೋಕ್ ಎಂಜಿನಿನಲ್ಲಿ ಉರಿಯದ ಪೆಟ್ರೋಲು ಸ್ವಲ್ಪ ಹೊಗೆಯ ಜೊತೆಗೇ ಹೊರಗೆ ಹೋಗುತ್ತದೆ, ಬೆರೆಸಿದ ಎಣ್ಣೆಯೂ ಸುಡುತ್ತದೆ. ಚಂದವಿದೆಯೆಂದು ಬೀದಿಯ ಮಕ್ಕಳಿಗೆ ಹೊಗೆ ಕುಡಿಸಬಹುದೇ ಎಂದು ಕೇಳಿದೆ. ಅವಳು ಕೋಪಿಸಿಕೊಳ್ಳಲಿಲ್ಲ. ಚೇತಕ್ ಹೆಸರು 2020ರಲ್ಲಿ ವಿದ್ಯುತ್ ಸ್ಕೂಟರಾಗಿ ಮರಳಿ ಬಂದದ್ದನ್ನು ತೋರಿಸಿ, ‘ಆಕಾರ ಉಳಿಸಿಕೊಂಡು ಹೊಗೆ ಬಿಡೋದು ಹೇಗೆ ಅಂತಲೇ ನಾನು ಓದಬೇಕಿರೋದು’ ಎಂದಳು. ಎಂಜಿನಿಯರಿಂಗ್, ಡಿಸೈನ್ ಎರಡಕ್ಕೂ ಅರ್ಜಿ ಹಾಕಿದ್ದಾಳೆ. ಮನೆಯಲ್ಲಿ ವಾದ ಮುಗಿದಿಲ್ಲ. ಆದರೆ ಅವಳು ಪುಸ್ತಕ ತೆರೆದಾಗ ಏನು ಬರೆಯುತ್ತಿದ್ದಾಳೆಂದು ನಾನೀಗ ಹೋಗಿ ನೋಡುತ್ತೇನೆ.

ಹೋದ ಭಾನುವಾರ ಬೆಳಿಗ್ಗೆ ಅವಳು ಸ್ಕೂಟರು ತೆಗೆದಳು. ನಾಲ್ಕು ಕಿಕ್ಕಿಗೂ ಹತ್ತಲಿಲ್ಲ. ಜಗಲಿಯಿಂದ ಅಪ್ಪ, ‘ವಾಲಿಸು, ವಾಲಿಸು’ ಎಂದು ಕೂಗಿದರು. ವಾಲಿಸಿ, ಎತ್ತಿ, ಹೊಡೆದಳು. ಹತ್ತಿತು. ಬೀದಿಯವರೆಲ್ಲ ತಿರುಗಿ ನೋಡಿದರು. ಅವಳು ಒಂದು ಸುತ್ತು ಹಾಕಿ ಬಂದು ಗೇಟಿನ ಮುಂದೆ ನಿಲ್ಲಿಸಿ, ‘ಅಮ್ಮಾ, ನೀನೂ ಕಲಿತೀಯಾ?’ ಎಂದಳು.

ನಾನು ಅಪ್ಪನ ಮುಖ ನೋಡಿದೆ. ಅವರು ಪೇಪರಿನ ಹಿಂದೆ ಮುಖ ಮರೆಸಿಕೊಂಡೇ, ‘ಮೊದಲು ಎಡಗೈ ಕೊಡೋಕೆ ಹೇಳು’ ಎಂದರು.